ಬೆನ್ನಿಯ ಲೆಕ್ಕ: ಎಲ್ಲಾ ಟೆಸ್ಟ್ ಪಾಸಾದ, ದಶಮಾಂಶ ಗೊತ್ತಿರಲಿಲ್ಲ

2/10 ಅನ್ನು ದಶಮಾಂಶದಲ್ಲಿ ಬರೆಯಿರಿ ಅಂದರೆ ನಾವೆಲ್ಲ 0.2 ಅಂತ ಬರೆಯುತ್ತೇವೆ. ಆರನೇ ತರಗತಿಯ ಒಬ್ಬ ಹುಡುಗ 1.2 ಅಂದ. 5/10 ಎಷ್ಟಪ್ಪಾ ಅಂದರೆ 1.5 ಅಂದ. 400/400 ಕೊಟ್ಟರೆ 8.00 ಅಂದ. ಇಷ್ಟು ಕೇಳಿದ ಮೇಲೆ ಇವನಿಗೆ ಗಣಿತ ತಲೆಗೆ ಹತ್ತುವುದಿಲ್ಲ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಅವನು ಆ ತರಗತಿಯಲ್ಲಿ ಗಣಿತ ಚೆನ್ನಾಗಿ ಮಾಡುವವರ ಪೈಕಿ. ಅವನ ಟೀಚರ್ ಕೂಡ ಹಾಗೇ ತಿಳಿದಿದ್ದರು. ಬುದ್ಧಿಮತ್ತೆ ಪರೀಕ್ಷೆಯಲ್ಲಿ ಸರಾಸರಿಗಿಂತ ಮೇಲೆ, ಪಾಠದಲ್ಲಿ ಉಳಿದವರಿಗಿಂತ ಮುಂದೆ, ಒಂದಾದ ಮೇಲೊಂದು ಟೆಸ್ಟ್ ಪಾಸ್.

ಇದು ನಿಜವಾಗಿ ನಡೆದ ಪ್ರಕರಣ. ಅಮೆರಿಕದಲ್ಲಿ ಸ್ಟ್ಯಾನ್ಲಿ ಅರ್ಲ್‌ವಾಂಗರ್ ಅನ್ನುವ ಸಂಶೋಧಕರು ಈ ಹುಡುಗನ ಜೊತೆ ಕೂತು ಮಾತಾಡಿ, 1973ರಲ್ಲಿ ಒಂದು ಪ್ರಬಂಧ ಬರೆದರು. ಹುಡುಗನನ್ನು ಅದರಲ್ಲಿ ಬೆನ್ನಿ ಅಂತ ಕರೆದಿದ್ದಾರೆ, ಆಗ ಅವನಿಗೆ ಹನ್ನೆರಡು ವರ್ಷ. ಗಣಿತ ಕಲಿಕೆಯ ಬಗ್ಗೆ ಕೆಲಸ ಮಾಡುವವರು ಇಂದಿಗೂ ಈ ಹೆಸರು ಹೇಳುತ್ತಾರೆ. ಸಾವಿರಾರು ಮಕ್ಕಳ ಅಂಕಿಅಂಶ ಅದರಲ್ಲಿಲ್ಲ. ಒಬ್ಬ ಹುಡುಗ, ಒಬ್ಬ ಕೇಳುವವರು, ಒಂದಷ್ಟು ಮಾತುಕತೆ, ಅಷ್ಟೇ. ಆದರೂ ಓದಿದವರ ತಲೆಯಿಂದ ಅದು ಸುಲಭಕ್ಕೆ ಹೋಗುವುದಿಲ್ಲ.

ಬೆನ್ನಿ ಕಲಿಯುತ್ತಿದ್ದ ಪದ್ಧತಿಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದರೆ ಅರ್ಧ ಕಥೆ ಅಲ್ಲೇ ಇದೆ. ಅದರ ಹೆಸರು ಐಪಿಐ, ಅಂದರೆ ಇಂಡಿವಿಜುವಲಿ ಪ್ರಿಸ್ಕ್ರೈಬ್ಡ್ ಇನ್‌ಸ್ಟ್ರಕ್ಷನ್. 1960ರ ದಶಕದಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಕಲಿಕಾ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡದ್ದು. ಪ್ರತಿ ಮಗು ತನ್ನದೇ ವೇಗದಲ್ಲಿ ಕಲಿಯಲಿ ಅನ್ನುವುದು ಉದ್ದೇಶ. ಗಣಿತವನ್ನು ಸಣ್ಣ ಸಣ್ಣ ತುಂಡು ಮಾಡಿರುತ್ತಾರೆ. ಮೊದಲು ಒಂದು ಟೆಸ್ಟ್, ಅದರ ಫಲಿತಾಂಶ ನೋಡಿ ಇಂತಿಂಥ ಹಾಳೆ ಮಾಡು ಅಂತ ಸೂಚನೆ, ಮಗು ಆ ಹಾಳೆಗಳನ್ನು ತಾನೇ ಮಾಡಿ ಮುಗಿಸುತ್ತದೆ, ಉತ್ತರಗಳನ್ನು ಕೀ (ಸರಿ ಉತ್ತರಗಳ ಪಟ್ಟಿ) ಜೊತೆ ಹೋಲಿಸಿ ನೋಡಲಾಗುತ್ತದೆ, ಕೊನೆಗೆ ಇನ್ನೊಂದು ಟೆಸ್ಟ್. 80 ಶೇಕಡಾ ಬಂದರೆ ಮುಂದಿನ ತುಂಡಿಗೆ ಹೋಗಬಹುದು. ಟೀಚರ್ ಬೋರ್ಡಿನ ಮುಂದೆ ನಿಂತು ಪಾಠ ಮಾಡುವ ಹಾಗಿಲ್ಲ, ಕೈಯೆತ್ತಿ ಕರೆದವರ ಹತ್ತಿರ ಹೋಗಿ ಸಹಾಯ ಮಾಡಿದರೆ ಸಾಕು. ಬೆನ್ನಿ ಎರಡನೇ ತರಗತಿಯಿಂದ ಇದರಲ್ಲೇ ಇದ್ದ.

ಕಾಗದದ ಮೇಲೆ ನೋಡಿದರೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಯಾವ ಮಗುವೂ ಇನ್ನೊಬ್ಬರಿಗೆ ಕಾಯಬೇಕಿಲ್ಲ. ಯಾರೂ ಹಿಂದೆ ಬೀಳುವುದಿಲ್ಲ. ಏನು ಕಲಿತಿದೆ ಅನ್ನುವುದಕ್ಕೆ ಹೆಜ್ಜೆ ಹೆಜ್ಜೆಗೂ ದಾಖಲೆ ಇದೆ. ಇವತ್ತಿನ ಕಲಿಕಾ ಆ್ಯಪ್‌ಗಳು ಮಾತು ಕೊಡುವುದೂ ಹೆಚ್ಚು ಕಡಿಮೆ ಇದನ್ನೇ ಅಲ್ವಾ? ಹಾಳೆಯ ಜಾಗಕ್ಕೆ ಪರದೆ ಬಂದಿದೆ, ಕೀ ಜಾಗಕ್ಕೆ ಹಸಿರು ಟಿಕ್ ಬಂದಿದೆ.

ಈಗ ಬೆನ್ನಿಯ ಲೆಕ್ಕಕ್ಕೆ ಬರೋಣ. 2/10 ಹೇಗೆ 1.2 ಆಯಿತು? ಅವನು ಮೇಲಿನ 2 ಮತ್ತು ಕೆಳಗಿನ 10 ಕೂಡುತ್ತಿದ್ದ. 12 ಬಂತು. ಅದರಲ್ಲಿ ಒಂದು ಚುಕ್ಕಿ ಇಟ್ಟ, 1.2 ಆಯಿತು. 5/10 ಕೂಡಿದರೆ 15, ಚುಕ್ಕಿ ಇಟ್ಟರೆ 1.5. 400 ಮತ್ತು 400 ಕೂಡಿದರೆ 800, ಅದು 8.00. 429/100 ಕೊಟ್ಟರೆ 5.29 ಅಂದ. ಇಲ್ಲಿ ಕೂಡುವುದರಲ್ಲಿ ಒಂದೇ ಒಂದು ತಪ್ಪಿಲ್ಲ ನೋಡಿ. 429 ಮತ್ತು 100 ಕೂಡಿದರೆ 529 ಆಗುವುದು ನಿಜ. ಅವನ ಕೈಲೆಕ್ಕ ಗಟ್ಟಿಯಾಗಿತ್ತು. ತನ್ನ ನಿಯಮವನ್ನು ಪ್ರತಿ ಸಲವೂ ಒಂದೇ ರೀತಿ, ಶ್ರದ್ಧೆಯಿಂದ ಅನ್ವಯಿಸುತ್ತಿದ್ದ. ಊಹೆ ಹೊಡೆಯುವ ಹುಡುಗ ಹೀಗೆ ಮಾಡುವುದಿಲ್ಲ.

ಹಿಂದಕ್ಕೆ ಹೋಗುವಾಗಲೂ ಅದೇ ದಾರಿ. 0.5 ಅನ್ನು ಭಿನ್ನರಾಶಿಯಾಗಿ ಬರೆ ಅಂದರೆ 3/2 ಆಗಬಹುದು ಅಂದ, 2/3 ಕೂಡ ಆಗಬಹುದು ಅಂದ. ಕೂಡಿದರೆ 5 ಬಂದರೆ ಸಾಕು. ಅವನ ನಿಯಮದ ಪ್ರಕಾರ ಇದು ಸರಿಯಾಗಿಯೇ ಇದೆ! ಅದೇ ನಿಯಮದಿಂದ 4/11 ಕೂಡ 1.5, 11/4 ಕೂಡ 1.5. ಒಂದು ಅರ್ಧಕ್ಕಿಂತ ಕಡಿಮೆ, ಇನ್ನೊಂದು ಎರಡೂವರೆಗಿಂತ ಜಾಸ್ತಿ. ಎರಡಕ್ಕೂ ಒಂದೇ ಉತ್ತರ. ಇದು ಅವನ ಮುಂದೆಯೇ ಬಂದಾಗಲೂ ಅವನಿಗೆ ಏನೂ ಅನ್ನಿಸಲಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಬಾಯಿಪಾಠ ಬೇಡ, ಅರ್ಥ ಮಾಡಿಕೊಂಡು ಕಲಿ ಅಂತ ನಾವು ಹೇಳುವಾಗ ನಮ್ಮ ಕಣ್ಣ ಮುಂದೆ ಇರುವ ಚಿತ್ರ ಒಂದೇ. ತಲೆ ಓಡಿಸದೆ ಉರು ಹೊಡೆಯುವ ಮಗು. ಬೆನ್ನಿ ಆ ಚಿತ್ರಕ್ಕೆ ಹೊಂದುವುದಿಲ್ಲ. ಯಾರೂ ಅವನಿಗೆ 'ಮೇಲಿನದು ಕೆಳಗಿನದು ಕೂಡಿ ಚುಕ್ಕಿ ಇಡು' ಅಂತ ಕಲಿಸಿರಲಿಲ್ಲ. ಯಾವ ಪುಸ್ತಕದಲ್ಲೂ ಆ ನಿಯಮ ಇಲ್ಲ. ಅದನ್ನು ಅವನೇ ಕಟ್ಟಿಕೊಂಡಿದ್ದ. ಕಂಡ ಉತ್ತರಗಳನ್ನು ನೋಡಿ, ಅವುಗಳಲ್ಲಿ ಒಂದು ಕ್ರಮ ಹುಡುಕಿ, ಇದೇ ಇರಬೇಕು ಅಂತ ತೀರ್ಮಾನ ಮಾಡಿ, ಮುಂದೆ ಅದನ್ನೇ ಬಳಸುತ್ತಿದ್ದ. ವಿಜ್ಞಾನಿ ಮಾಡುವ ಕೆಲಸವೂ ಹೆಚ್ಚು ಕಡಿಮೆ ಇದೇ. ವಿಜ್ಞಾನಿಗೆ ಪರೀಕ್ಷಿಸಿ ನೋಡಲು ಪ್ರಪಂಚ ಇರುತ್ತದೆ, ಬೆನ್ನಿಗೆ ಇದ್ದದ್ದು ಕೀ ಒಂದೇ.

ದಶಮಾಂಶ ಕೂಡುವ ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 0.3 + 0.4 ಎಷ್ಟು? ಬೆನ್ನಿ 0.07 ಅಂದ. ಕಾರಣವನ್ನೂ ಕೊಟ್ಟ. 3ರ ಮುಂದೆ ಒಂದು ಚುಕ್ಕಿ, 4ರ ಮುಂದೆ ಒಂದು ಚುಕ್ಕಿ, ಒಟ್ಟು ಎರಡು, ಹಾಗಾಗಿ ಉತ್ತರದಲ್ಲಿ ಚುಕ್ಕಿಯ ನಂತರ ಎರಡು ಅಂಕಿ ಇರಬೇಕು. ಇದು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಾಗಿರಬೇಕು. ಗುಣಾಕಾರದ ನಿಯಮ ಇದು. 0.7 × 0.5 ಕೊಟ್ಟರೆ ಅವನು 0.35 ಅಂತ ಸರಿಯಾಗಿಯೇ ಮಾಡುತ್ತಿದ್ದ. 0.2 × 0.3 × 0.4 ಕೊಟ್ಟರೆ 0.024, ಅದೂ ಸರಿ. ಮೂರು ಸಂಖ್ಯೆ, ಮೂರು ಅಂಕಿ. ಗುಣಾಕಾರದ ಟೆಸ್ಟಿನಲ್ಲಿ ಇವನಿಗೆ ಪೂರ್ತಿ ಅಂಕ ಕೊಡಬೇಕು, ಬೇರೆ ದಾರಿಯೇ ಇಲ್ಲ.

ಹಾಗಾದರೆ ಗುಣಾಕಾರ ಅವನಿಗೆ ಅರ್ಥವಾಗಿತ್ತಾ? ಇಲ್ಲ. ಅರ್ಥವಾಗಿದ್ದರೆ ಆ ನಿಯಮ ಯಾಕೆ ಇದೆ ಅಂತ ಗೊತ್ತಿರುತ್ತಿತ್ತು. ಯಾಕೆ ಅಂತ ಗೊತ್ತಿದ್ದರೆ ಅದನ್ನು ಕೂಡುವ ಲೆಕ್ಕಕ್ಕೆ ಎಳೆದು ತರುತ್ತಿರಲಿಲ್ಲ.

ಆ ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಒಂದು ಚೌಕ ಬರೆಯಿರಿ. ಅಡ್ಡಕ್ಕೆ ಹತ್ತು ಸಮ ಪಟ್ಟಿ, ಉದ್ದಕ್ಕೆ ಹತ್ತು ಸಮ ಪಟ್ಟಿ ಮಾಡಿ. ನೂರು ಮನೆಗಳಾದವು. ಇಡೀ ಚೌಕ ಒಂದು ಅಂತ ಇಟ್ಟುಕೊಂಡರೆ ಪ್ರತಿ ಮನೆ ನೂರರಲ್ಲಿ ಒಂದು ಭಾಗ. ಈಗ 0.7 × 0.5 ಅಂದರೆ ಒಂದು ಕಡೆಯಿಂದ ಏಳು ಪಟ್ಟಿ, ಇನ್ನೊಂದು ಕಡೆಯಿಂದ ಐದು ಪಟ್ಟಿ ತೆಗೆದುಕೊಂಡು ಅವೆರಡೂ ಸೇರುವ ಜಾಗ ನೋಡುವುದು. ಅಲ್ಲಿ 35 ಮನೆ ಇರುತ್ತವೆ. ನೂರರಲ್ಲಿ ಮೂವತ್ತೈದು, 0.35. ಹತ್ತನೇ ಭಾಗದ ಹತ್ತನೇ ಭಾಗ ತೆಗೆದರೆ ನೂರನೇ ಭಾಗ ಸಿಗುತ್ತದೆ, ಅದಕ್ಕೇ ಚುಕ್ಕಿಯ ನಂತರ ಎರಡು ಅಂಕಿ. ಕೂಡುವಾಗ ಇಂಥದ್ದೇನೂ ಆಗುವುದಿಲ್ಲ. ಮೂರು ಪಟ್ಟಿ ಇದೆ, ಇನ್ನೂ ನಾಲ್ಕು ಪಟ್ಟಿ ಸೇರಿಸಿದರೆ ಏಳು ಪಟ್ಟಿ. ಪಟ್ಟಿ ಪಟ್ಟಿಯಾಗಿಯೇ ಉಳಿಯುತ್ತದೆ, ಮನೆಯಾಗಿ ಒಡೆಯುವುದಿಲ್ಲ. ಆದ್ದರಿಂದ 0.7.

ಇನ್ನೂ ಸುಲಭದ ದಾರಿಯೂ ಇದೆ. 0.3ಕ್ಕೆ ಏನೋ ಸೇರಿಸಿದ್ದೇವೆ, ಉತ್ತರ 0.3ಕ್ಕಿಂತ ಜಾಸ್ತಿ ಇರಲೇಬೇಕು. 0.07 ಅದಕ್ಕಿಂತ ಕಡಿಮೆ. ಸೇರಿಸಿದ ಮೇಲೆ ಕಡಿಮೆಯಾಯಿತಾ? ಈ ಒಂದು ಪ್ರಶ್ನೆ ಸಾಕಿತ್ತು. ಆದರೆ ಈ ಪ್ರಶ್ನೆ ಹುಟ್ಟಬೇಕಾದರೆ 0.07 ಅನ್ನುವುದು ಎಷ್ಟು ದೊಡ್ಡದು ಅಂತ ಮನಸ್ಸಿನಲ್ಲಿ ಒಂದು ಅಂದಾಜು ಇರಬೇಕು. ಬೆನ್ನಿಗೆ ಅದು ಸೊನ್ನೆ, ಏಳು, ಚುಕ್ಕಿ, ಅಷ್ಟೇ. ಅದಕ್ಕೊಂದು ಗಾತ್ರ ಇರಲಿಲ್ಲ.

ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇದೇ. ಅರ್ಥವಾಗಿದೆ ಅನ್ನುವುದಕ್ಕೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ ಒಂದು: ಉತ್ತರ ಸರಿಯೋ ತಪ್ಪೋ ಅಂತ ಹೊರಗಿನವರು ಹೇಳುವ ಮೊದಲೇ ತನಗೆ ತಾನೇ ಹೇಳಿಕೊಳ್ಳಲು ಆಗಬೇಕು. ಉತ್ತರ ಪಡೆಯಲು ಒಂದು ದಾರಿ, ಅದನ್ನು ಅಳೆದು ನೋಡಲು ಇನ್ನೊಂದು ದಾರಿ. ಎರಡನೇ ದಾರಿ ಇಲ್ಲದವರು ಎಷ್ಟೇ ಚೆನ್ನಾಗಿ ಲೆಕ್ಕ ಮಾಡಿದರೂ ಕೀ ಕೈಯಲ್ಲಿ ಸಿಕ್ಕಿಕೊಂಡಿರುತ್ತಾರೆ.

ಬೆನ್ನಿ ಆ ಕೀ ಬಗ್ಗೆ ಏನು ಹೇಳಿದ ಅನ್ನುವುದು ಪ್ರಬಂಧದಲ್ಲಿ ನನಗೆ ತುಂಬಾ ಬೇಸರ ತಂದ ಭಾಗ. ಒಂದೇ ಲೆಕ್ಕಕ್ಕೆ ಹಲವು ಉತ್ತರ ಬರಬಹುದು ಅಂತ ಅವನು ನಂಬಿದ್ದ. ಇದು ಹುಚ್ಚು ನಂಬಿಕೆ ಅಲ್ಲ. 1/2 ಮತ್ತು 2/4 ಒಂದೇ ಅಂತ ಅವನಿಗೆ ಗೊತ್ತಿತ್ತು. ಆದರೆ ಕೀ ಯಾವುದಾದರೂ ಒಂದನ್ನು ಮಾತ್ರ ಒಪ್ಪುತ್ತಿತ್ತು. ಇವನು 2/4 ಬರೆದು, ಕೀ 1/2 ಅಂದರೆ ತಪ್ಪು. ಸರಿಯಾದ ಉತ್ತರ ಬರೆದು ತಪ್ಪು ಅನ್ನಿಸಿಕೊಂಡ ಅನುಭವ ಅವನಿಗೆ ಮೇಲಿಂದ ಮೇಲೆ ಆಗಿತ್ತು. ಅದರಿಂದ ಅವನು ಕಲಿತ ಪಾಠ ಏನು? ಅವರು ಉತ್ತರ ನಿಜವೋ ಅಲ್ಲವೋ ನೋಡುವುದಿಲ್ಲ, ಕೀ ನೋಡುತ್ತಾರೆ. ಹೆಚ್ಚು ಕಡಿಮೆ ಇದೇ ಮಾತನ್ನು ಅವನು ಹೇಳಿದ್ದಾನೆ.

ಇದೊಂದು ಆಟದ ಥರ ಇದೆ ಅನ್ನಿಸುತ್ತೆ ಅಂತ ಅರ್ಲ್‌ವಾಂಗರ್ ಅಂದಾಗ ಅವನು ಹೌದು ಅಂತ ಜೋರಾಗಿ ಒಪ್ಪಿಕೊಂಡ. ಟೀಚರಿಗೆ ಬೇಕಾದ ಉತ್ತರದ ಹಿಂದೆ ಸುಮ್ನೆ ಅಲೆಯುವ ಆಟ. ನಿನಗೆ ಯಾವ ಉತ್ತರ ಬರೆಯಲು ಇಷ್ಟ ಅಂತ ಕೇಳಿದರೆ, ಯಾವುದಾದರೂ ಸರಿ, ಅದು ಸರಿ ಉತ್ತರ ಆಗಬಹುದು ಅಂತ ಗೊತ್ತಿದ್ದರೆ ಸಾಕು ಅಂದ. ಆದರೆ ತಪ್ಪು ಹಾಕಿಸಿಕೊಳ್ಳಲು ಇಷ್ಟವಿಲ್ಲ, ಅದಕ್ಕೇ ಕೀಗೆ ಬೇಕಾದದ್ದನ್ನು ಬರೆಯುತ್ತೇನೆ ಅಂತಲೂ ಹೇಳಿದ.

ಈ ಸ್ಥಿತಿಯಲ್ಲಿ ಇರುವ ಮಗುವಿಗೆ '4/11 ಮತ್ತು 11/4 ಎರಡೂ 1.5 ಹೇಗಪ್ಪಾ ಆಗುತ್ತೆ' ಅಂತ ಕೇಳಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ನಮಗೆ ಅದು ದೊಡ್ಡ ಎಡವಟ್ಟು. ಅವನಿಗೆ ಅಲ್ಲ. ಗಣಿತ ಅಂದರೆ ಒಂದಕ್ಕೊಂದು ಹೊಂದಿಕೊಳ್ಳುವ ವಿಷಯ, ಎಲ್ಲೋ ಒಂದು ಕಡೆ ವಿರೋಧ ಬಂದರೆ ಏನೋ ತಪ್ಪಾಗಿದೆ ಅಂತ ಅರ್ಥ ಅನ್ನುವ ನಿರೀಕ್ಷೆ ಇದ್ದವನಿಗೆ ಮಾತ್ರ ವಿರೋಧ ಕಾಣಿಸುತ್ತದೆ. ಆ ನಿರೀಕ್ಷೆಯನ್ನು ವರ್ಷಗಟ್ಟಲೆ ಕೀ ತಿಂದು ಹಾಕಿತ್ತು. 'ತಪ್ಪು ತೋರಿಸಿದರೆ ಮಗು ತಿದ್ದಿಕೊಳ್ಳುತ್ತದೆ' ಅಂತ ನಾವು ಸುಲಭವಾಗಿ ಹೇಳುತ್ತೇವಲ್ಲ, ಅದು ಇಂಥ ಮಕ್ಕಳ ವಿಷಯದಲ್ಲಿ ಕೆಲಸ ಮಾಡದೇ ಇರುವುದಕ್ಕೆ ಇದೇ ಕಾರಣ ಅನ್ನಿಸುತ್ತದೆ.

ಭಿನ್ನರಾಶಿಯಲ್ಲಿ ಎಷ್ಟು ನಿಯಮ ಇದೆ ಅಂದರೆ ನೂರು ಥರದ ನಿಯಮ ಇದೆ ಅಂದಿದ್ದ ಬೆನ್ನಿ. ಹಾಗೆ ಅನ್ನಿಸುವುದು ಸಹಜ. ಕಾರಣ ಗೊತ್ತಿಲ್ಲದಿದ್ದರೆ ಪ್ರತಿ ಬಗೆಯ ಲೆಕ್ಕಕ್ಕೂ ಬೇರೆ ನಿಯಮ ಬೇಕಾಗುತ್ತದೆ. ಛೇದ ಒಂದೇ ಇದ್ದರೆ ಒಂದು, ಬೇರೆ ಇದ್ದರೆ ಇನ್ನೊಂದು, ಮೇಲಿನದು ದೊಡ್ಡದಿದ್ದರೆ ಮತ್ತೊಂದು. ಭಾಗ ಅಂದರೇನು, ಸಮ ಭಾಗ ಯಾಕೆ ಬೇಕು ಅಂತ ತಿಳಿದವರಿಗೆ ಇವೆಲ್ಲ ಒಂದೇ ವಿಷಯದ ನಾಲ್ಕು ಮುಖ. ನೆನಪಿಡಬೇಕಾದದ್ದು ಕಡಿಮೆಯಾಗುತ್ತದೆ. ಅರ್ಥ ಮಾಡಿಕೊಂಡು ಕಲಿಯುವುದಕ್ಕೆ ಜಾಸ್ತಿ ಸಮಯ ಬೇಕು ಅನ್ನುವ ವಾದ ಕೇಳುತ್ತಲೇ ಇರುತ್ತೇವೆ. ಮೊದಲ ವಾರಕ್ಕೆ ಅದು ನಿಜ. ಐದು ವರ್ಷದ ಲೆಕ್ಕ ಹಾಕಿದರೆ ನೂರು ನಿಯಮ ಹೊತ್ತು ತಿರುಗುವವನ ಕಷ್ಟವೇ ಜಾಸ್ತಿ.

ಈ ನಿಯಮಗಳೆಲ್ಲ ಎಲ್ಲಿಂದ ಬಂದವು ಅಂತ ಕೇಳಿದಾಗ, ಯಾರೋ ತುಂಬಾ ಜಾಣ ಮನುಷ್ಯ ಮಾಡಿರಬೇಕು ಅಂದ. ಅವನಿಗೆ ಸುಮಾರು ಐವತ್ತು ವರ್ಷ ಹಿಡಿದಿರಬೇಕು, ಯಾಕಂದರೆ ಎಲ್ಲಾ ಲೆಕ್ಕಗಳನ್ನೂ ಮಾಡಿ ನೋಡಬೇಕಲ್ಲ. ಓದುವಾಗ ನಗು ಬರುತ್ತದೆ. ಆದರೆ ಗಣಿತದ ನಿಯಮಗಳು ಯಾರೋ ಹೊರಡಿಸಿದ ಆಜ್ಞೆಗಳು, ಅವನ್ನು ನಾನೇ ಕೂತು ಕಂಡುಕೊಳ್ಳಲು ಸಾಧ್ಯವಿಲ್ಲ ಅನ್ನುವ ಭಾವನೆ ದೊಡ್ಡವರಲ್ಲೂ ಎಷ್ಟು ಜನಕ್ಕಿಲ್ಲ ಹೇಳಿ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಯಾಕೆ ಅಂತ ಹತ್ತು ಜನರನ್ನು ಕೇಳಿ ನೋಡಿ. ರೂಲ್ ಹಾಗೇ ಇರೋದು ಅಂತಾರೆ.

ಇಷ್ಟಾದರೂ ಪಾಸ್ ಹೇಗಾಗುತ್ತಿದ್ದ? ಅಂತರ್ಜಾಲದಲ್ಲಿ ಈ ಪ್ರಕರಣ ಹೇಳುವವರು ಇದನ್ನು ಬೇಗ ದಾಟಿ ಹೋಗುತ್ತಾರೆ, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಒಂದು ತುಂಡಿನ ಟೆಸ್ಟಿನಲ್ಲಿ ಬರುವ ಪ್ರಶ್ನೆಗಳೆಲ್ಲ ಒಂದೇ ಜಾತಿಯವು. ಆಗಷ್ಟೇ ಮಾಡಿದ ಹಾಳೆಗಳ ಥರವೇ ಇರುತ್ತವೆ. ಹಾಗಾಗಿ ಆ ಹಾಳೆಗೆ ಹೊಂದುವ ಯಾವ ಕ್ರಮವನ್ನು ಹಿಡಿದುಕೊಂಡರೂ ಅವತ್ತಿಗೆ ನಡೆಯುತ್ತದೆ. ಎರಡು ತಿಂಗಳ ನಂತರ ಬೇರೆ ಲೆಕ್ಕದ ನಡುವೆ ಅದೇ ಪ್ರಶ್ನೆ ಬಂದರೆ ಏನು ಮಾಡುತ್ತಾನೆ ಅಂತ ಯಾರೂ ನೋಡುವುದಿಲ್ಲ. ಜೊತೆಗೆ 80 ಶೇಕಡಾ ಅನ್ನುವ ಗೆರೆ. ಹತ್ತರಲ್ಲಿ ಎರಡು ತಪ್ಪಾದರೆ ಪರವಾಗಿಲ್ಲ ಅನ್ನುವುದು ಉದಾರವಾಗಿ ಕಾಣುತ್ತದೆ. ಆದರೆ ಆ ಎರಡು ತಪ್ಪು ಕೈತಪ್ಪಿನಿಂದ ಆದದ್ದೋ, ಬುಡದಲ್ಲೇ ತಿಳಿವಳಿಕೆ ಇಲ್ಲದೆ ಆದದ್ದೋ? ಸಂಖ್ಯೆಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸರಿಯಾದ ಎಂಟರ ವಿಷಯವೂ ಅಷ್ಟೇ. 0.7 × 0.5 = 0.35 ಅಂತ ಬರೆದವರಲ್ಲಿ ಚೌಕದ ಚಿತ್ರ ಕಣ್ಣ ಮುಂದೆ ಇರುವವರೂ ಇರುತ್ತಾರೆ, ಚುಕ್ಕಿ ಎಣಿಸಿದವರೂ ಇರುತ್ತಾರೆ.

ಮತ್ತೆ ಮಾತು. ಆ ವ್ಯವಸ್ಥೆಯಲ್ಲಿ ಗಣಿತದ ಬಗ್ಗೆ ಮಾತಾಡುವ ಸಂದರ್ಭವೇ ಕಡಿಮೆ. ಪಕ್ಕದವರು ಬೇರೆ ಹಾಳೆಯಲ್ಲಿ ಇರುತ್ತಾರೆ, ಅವರ ಜೊತೆ ಹೋಲಿಸಿ ನೋಡುವ ಹಾಗಿಲ್ಲ. ಟೀಚರ್ ಹತ್ತಿರ ಬರುವುದು ತಪ್ಪಾದಾಗ. ಚೆನ್ನಾಗಿ ಪಾಸಾಗುತ್ತಿರುವ ಹುಡುಗನ ಹತ್ತಿರ ಯಾಕೆ ಬರಬೇಕು? ಒಳ್ಳೆಯ ಅಂಕವೇ ಅವನನ್ನು ಎಲ್ಲರ ಕಣ್ಣಿಂದ ಮರೆಮಾಡಿತು. ದಡ್ಡ ಅನ್ನಿಸಿಕೊಂಡಿದ್ದರೆ ಬಹುಶಃ ಬೇಗ ಸಿಕ್ಕಿಬೀಳುತ್ತಿದ್ದ.

ಆ ಟೀಚರನ್ನು ಬೈಯುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರ ಕೈಗೆ ಬರುತ್ತಿದ್ದ ಎಲ್ಲಾ ದಾಖಲೆಯೂ ಈ ಹುಡುಗ ಚೆನ್ನಾಗಿದ್ದಾನೆ ಅಂತಲೇ ಹೇಳುತ್ತಿತ್ತು.

ಬೆನ್ನಿ ಒಬ್ಬನೇ ಹೀಗಾ? ಒಂದು ಮಗುವಿನ ಕಥೆಯಿಂದ ಎಷ್ಟು ಮಕ್ಕಳು ಹೀಗಿದ್ದಾರೆ ಅಂತ ಹೇಳಲು ಬರುವುದಿಲ್ಲ. ಅದಕ್ಕೆ ಬೇರೆ ಕಡೆ ನೋಡಬೇಕು. ಇದಾದ ಕೆಲವೇ ವರ್ಷಕ್ಕೆ, 1977–78ರಲ್ಲಿ, ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಸಮೀಕ್ಷೆಯಲ್ಲಿ 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟರು. 12/13 + 7/8 ಸುಮಾರು ಎಷ್ಟಾಗಬಹುದು? ಲೆಕ್ಕ ಮಾಡಬೇಕಾಗಿಲ್ಲ, ಅಂದಾಜು ಹೇಳಿದರೆ ಸಾಕು. ಆಯ್ಕೆಗಳು 1, 2, 19, 21, ಕೊನೆಗೆ 'ಗೊತ್ತಿಲ್ಲ'. 12/13 ಹೆಚ್ಚು ಕಡಿಮೆ ಒಂದು. 7/8 ಕೂಡ ಹೆಚ್ಚು ಕಡಿಮೆ ಒಂದು. ಕೂಡಿದರೆ 2ರ ಹತ್ತಿರ. ಸರಿಯಾಗಿ 2 ಅಂದವರು 24 ಶೇಕಡಾ. 19 ಅಂದವರು 28 ಶೇಕಡಾ, 21 ಅಂದವರು 27 ಶೇಕಡಾ. 12 ಮತ್ತು 7 ಕೂಡಿದರೆ 19, 13 ಮತ್ತು 8 ಕೂಡಿದರೆ 21. ಒಂದಕ್ಕಿಂತ ಚಿಕ್ಕದಾದ ಎರಡು ಸಂಖ್ಯೆ ಸೇರಿ ಇಪ್ಪತ್ತೊಂದು ಹೇಗಾಗುತ್ತದೆ ಅಂತ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಅನ್ನಿಸಲಿಲ್ಲ. ಇವರಿಗೂ ಬೆನ್ನಿಯ ಹಾಗೆಯೇ ಭಿನ್ನರಾಶಿ ಅಂದರೆ ಒಂದರ ಮೇಲೊಂದು ಕೂತ ಎರಡು ಅಂಕಿ.

ಈ ಎರಡು ಬಗೆಯ ಕಲಿಕೆಗೆ ರಿಚರ್ಡ್ ಸ್ಕೆಂಪ್ ಅನ್ನುವ ಬ್ರಿಟಿಷ್ ಗಣಿತ ಶಿಕ್ಷಣತಜ್ಞರು 1976ರಲ್ಲಿ ಒಂದು ಲೇಖನ ಬರೆದು ಬೇರೆ ಬೇರೆ ಹೆಸರು ಕೊಟ್ಟರು. ಕಾರಣ ತಿಳಿಯದ ನಿಯಮ ಒಂದು ಕಡೆ, ಏನು ಮಾಡಬೇಕು ಮತ್ತು ಯಾಕೆ ಮಾಡಬೇಕು ಎರಡೂ ತಿಳಿದಿರುವುದು ಇನ್ನೊಂದು ಕಡೆ. ಅವರು ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಏನಂದರೆ, ಮೊದಲ ಬಗೆಯವರೂ ತಮಗೆ ಅರ್ಥವಾಗಿದೆ ಅಂತಲೇ ಪ್ರಾಮಾಣಿಕವಾಗಿ ತಿಳಿದಿರುತ್ತಾರೆ. ಬೆನ್ನಿಯೂ ಅಷ್ಟೇ. ಅವನು ಯಾರಿಗೂ ಮೋಸ ಮಾಡುತ್ತಿರಲಿಲ್ಲ.

ಬಾಯಿಪಾಠದ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಮಗ್ಗಿ ಬಾಯಿಗೆ ಬರಬೇಕು. ಏಳೆಂಟಲ ಎಷ್ಟು ಅಂತ ಪ್ರತಿ ಸಲ ಕೂಡಿ ನೋಡುತ್ತಾ ಕೂತರೆ ದೊಡ್ಡ ಲೆಕ್ಕದ ಕಡೆ ಗಮನ ಕೊಡಲು ತಲೆಯಲ್ಲಿ ಜಾಗ ಉಳಿಯುವುದಿಲ್ಲ. ಪದಗಳ ಅರ್ಥ, ಸೂತ್ರಗಳು, ಇಸವಿಗಳು, ಒಂದಷ್ಟು ನೆನಪಿನಲ್ಲಿ ಇರಲೇಬೇಕು. 'ಮೊದಲು ಬಾಯಿಪಾಠ ಮಾಡು, ಅರ್ಥ ಆಮೇಲೆ ತಾನಾಗಿಯೇ ಬರುತ್ತೆ' ಅನ್ನುವ ಮಾತಿಗೆ ಮಾತ್ರ ನನ್ನ ತಕರಾರು. ಬೆನ್ನಿಯ ವಿಷಯದಲ್ಲಿ ಅರ್ಥ ತಾನಾಗಿಯೇ ಬಂತು. ಆದರೆ ಬಂದದ್ದು ಅವನೇ ಕಟ್ಟಿಕೊಂಡ ಅರ್ಥ. ಮನುಷ್ಯನ ತಲೆ ಕಾರಣವಿಲ್ಲದೆ ಜಾಸ್ತಿ ದಿನ ಸುಮ್ಮನಿರುವುದಿಲ್ಲ, ನಾವು ಕೊಡದಿದ್ದರೆ ತಾನೇ ಒಂದನ್ನು ತಯಾರಿಸಿಕೊಳ್ಳುತ್ತದೆ.

ಹಾಗೆ ತಯಾರಾದದ್ದನ್ನು ಕಿತ್ತು ಹಾಕುವುದು ಸುಲಭದ ಕೆಲಸ ಅಲ್ಲ. ಅರ್ಲ್‌ವಾಂಗರ್ ಕೆಲವು ವಾರ ಬೆನ್ನಿಯ ಜೊತೆ ಕೂತು ತಿದ್ದಲು ನೋಡಿದರು. ಎಷ್ಟು ಪಾಠ ಮುಗಿಯಿತು ಅನ್ನುವುದನ್ನು ಬದಿಗಿಟ್ಟು ತಿಳಿಯುವುದಕ್ಕೆ ಒತ್ತು ಕೊಟ್ಟರು. ಹುಡುಗನಿಗೂ ಆಸಕ್ತಿ ಇತ್ತು. ಆದರೂ ವರ್ಷಗಳಿಂದ ಬೇರೂರಿದ ನಿಯಮಗಳು ಅಷ್ಟು ಬೇಗ ಬಿಟ್ಟು ಹೋಗುವಂಥವಲ್ಲ. ಏನೂ ಗೊತ್ತಿಲ್ಲದ ಮಗುವಿಗೆ ಕಲಿಸುವುದೇ ವಾಸಿ, ಅಲ್ಲಿ ಖಾಲಿ ಜಾಗ ಇರುತ್ತದೆ. ಇಲ್ಲಿ ಆಗಲೇ ಒಬ್ಬರು ವಾಸ ಇದ್ದಾರೆ, ಅದೂ ಇಷ್ಟು ವರ್ಷ ಟೆಸ್ಟ್ ಪಾಸ್ ಮಾಡಿಸಿ ಕೊಟ್ಟವರು. ಅವರನ್ನು ಬಿಟ್ಟುಬಿಡು ಅಂದರೆ ಮಗು ಯಾಕೆ ಒಪ್ಪಬೇಕು?

ಇದನ್ನು ಓದುವವರಲ್ಲಿ ಮಕ್ಕಳಿಗೆ ಪಾಠ ಹೇಳುವವರಿದ್ದರೆ ಎರಡು ಮೂರು ವಿಷಯ ಮಾತ್ರ ಹೇಳುತ್ತೇನೆ. ಲೆಕ್ಕ ಶುರು ಮಾಡುವ ಮೊದಲು ಉತ್ತರ ಸುಮಾರು ಎಷ್ಟಿರಬಹುದು ಅಂತ ಕೇಳಿ. ಒಂದಕ್ಕಿಂತ ಜಾಸ್ತಿಯೋ ಕಡಿಮೆಯೋ, ಅಷ್ಟಾದರೂ ಸಾಕು. ಬೆನ್ನಿಗೆ ಎರಡನೇ ತರಗತಿಯಿಂದ ಈ ಅಭ್ಯಾಸ ಇದ್ದಿದ್ದರೆ 2/10ಕ್ಕೆ 1.2 ಅಂತ ಬರೆಯುವಾಗ ಕೈ ತಡೆಯುತ್ತಿತ್ತು. ಸಾಧ್ಯವಿದ್ದಲ್ಲಿ ಒಂದು ರೇಖೆ ಎಳೆಸಿ, 0 ಮತ್ತು 1 ಗುರುತು ಹಾಕಿಸಿ, ಉತ್ತರ ಎಲ್ಲಿ ಕೂರುತ್ತದೆ ತೋರಿಸು ಅನ್ನಿ. ಮತ್ತೆ, ಮಗು ಬರೆದದ್ದು ನಿಮ್ಮ ಕೀಯಲ್ಲಿ ಇರುವಂತೆಯೇ ಇಲ್ಲದಿದ್ದರೂ ನಿಜವಾಗಿದ್ದರೆ ಅದಕ್ಕೆ ಸರಿ ಹಾಕಿ. 2/4 ಬರೆದ ಮಗುವಿಗೆ 'ಸರಿ, ಇನ್ನೂ ಚಿಕ್ಕದಾಗಿ ಬರೆಯೋಕೆ ಆಗುತ್ತಾ?' ಅನ್ನುವುದಕ್ಕೂ, ತಪ್ಪು ಅಂತ ಕೆಂಪು ಗೆರೆ ಎಳೆಯುವುದಕ್ಕೂ ಅಜಗಜಾಂತರ.

ಎಲ್ಲಕ್ಕಿಂತ ಮುಖ್ಯವಾಗಿ, 'ಇದು ಹೇಗೆ ಬಂತು?' ಅನ್ನುವ ಪ್ರಶ್ನೆಯನ್ನು ತಪ್ಪು ಉತ್ತರಕ್ಕೆ ಮಾತ್ರ ಮೀಸಲಿಡಬೇಡಿ. ತಪ್ಪಾದಾಗ ಮಾತ್ರ ಕೇಳಿದರೆ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ, ಟೀಚರ್ ಹೇಗೆ ಅಂತ ಕೇಳಿದರು ಅಂದರೆ ತಪ್ಪಿದೆ, ಅಳಿಸಿ ಬೇರೆ ಬರಿ. ಹಾಗಾದರೆ ಆ ಪ್ರಶ್ನೆಯೂ ಇನ್ನೊಂದು ಕೀ ಆಯಿತು. ಸರಿ ಉತ್ತರ ಬರೆದವರನ್ನೂ ಕೇಳಿ, ಸರಿ ಇದೆ ಅಂತ ಮುಖದಲ್ಲೂ ತೋರಿಸದೆ ಕೇಳಿ. ನಲವತ್ತು ಮಕ್ಕಳ ತರಗತಿಯಲ್ಲಿ ಎಲ್ಲರನ್ನೂ ದಿನಾ ಕೇಳಲು ಆಗುವುದಿಲ್ಲ, ಗೊತ್ತು. ದಿನಕ್ಕೆ ಇಬ್ಬರನ್ನು ಕೇಳಿದರೂ ತಿಂಗಳೊಪ್ಪತ್ತಿನಲ್ಲಿ ಎಲ್ಲರ ಸರದಿ ಬರುತ್ತದೆ. ಶುರು ಮಾಡುವುದಾದರೆ ಯಾವಾಗಲೂ ಪಾಸಾಗುವವರಿಂದಲೇ ಶುರು ಮಾಡಿ.